ವಿಲ್ಕ್ಸ್, ಮಾರ್ಕ್: ದುರ್ಗದ ಪತನವನ್ನು ಬರೆದ ಸಣ್ಣ ರಾಜಕಾರಣಿ

ವಿಲ್ಕ್ಸ್, ಮಾರ್ಕ್ (ಸು. 1760–1831): ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೈನ್ಯದ ಅಧಿಕಾರಿ, ಮೈಸೂರು ದರ್ಬಾರಿನಲ್ಲಿ ಹಂಗಾಮಿ ರೆಸಿಡೆಂಟ್, ಸೇಂಟ್ ಹೆಲೆನಾ ದ್ವೀಪದ ಗವರ್ನರ್, ತನ್ನ ಹುಟ್ಟುನೆಲವಾದ ಮ್ಯಾನ್ ದ್ವೀಪದ ಶಾಸನಸಭೆಯ ಸದಸ್ಯ ಮತ್ತು ಸ್ಪೀಕರ್. ಬ್ರಿಟನ್ನನ್ನು ಜಾರ್ಜ್ ಹೆಸರಿನ ನಾಲ್ವರು ದೊರೆಗಳು ಒಬ್ಬರಾದ ಮೇಲೊಬ್ಬರು ಆಳಿದ ಕಾಲದ (1714–1830) ಉತ್ತರಾರ್ಧದಲ್ಲಿ ಬಾಳಿದ ಇವನ ಹೆಸರು ಆ ದೇಶದ ರಾಜಕೀಯ ಇತಿಹಾಸದಲ್ಲಿ ಅಡಿಟಿಪ್ಪಣಿಯನ್ನು ದಾಟಿ ಮೇಲೇರಿಲ್ಲ. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಇವನು ಕೂತವನಲ್ಲ. ಹದಿನೆಂಟನೆಯ ಶತಮಾನದಲ್ಲಿ ಆ ನಗರದ ಬೀದಿಗಳನ್ನು ಕಲಕಿದ ಜಾನ್ ವಿಲ್ಕ್ಸ್ ಬೇರೆ, ಇವನು ಬೇರೆ. ಆದರೂ ಚಿತ್ರದುರ್ಗದ ಚರಿತ್ರೆ ಬರೆಯುವವರು ಇವನನ್ನು ಬಿಟ್ಟು ಮುಂದೆ ಹೋಗಲಾರರು. ಮೈಸೂರಿನ ಇತಿಹಾಸ ಕುರಿತು 1810 ಮತ್ತು 1817ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಇವನ ಗ್ರಂಥದಲ್ಲಿ ಮೈಸೂರನ್ನು ಆಳುತ್ತಿದ್ದ ಹೈದರಾಲಿ ದುರ್ಗಕ್ಕೆ ಹಾಕಿದ ಮುತ್ತಿಗೆಗಳ ಕಥನವಿದೆ. ಮುಂದಿನ ಗೆಜೆಟಿಯರುಗಳು, ಪಠ್ಯಪುಸ್ತಕಗಳು ಅದನ್ನೇ ಕಡ ತಂದವು. ಆ ಕಥನ ಬಹುಪಾಲು ಕೋಟೆಯ ಹೊರಗೆ, ಮುತ್ತಿಗೆ ಹಾಕಿದವರ ಬೀಡಿನಲ್ಲಿ ಹುಟ್ಟಿದ್ದು. ಅದನ್ನು ಕೇಳಿ ಬರೆದುಕೊಂಡವನು 1799ರಲ್ಲಿ ಕಂಪನಿ ಮೈಸೂರಿನಲ್ಲಿ ನೆಲೆಗೊಳಿಸಿದ ವ್ಯವಸ್ಥೆಯನ್ನು ಕಾಪಾಡುವ ಕೆಲಸದಲ್ಲಿದ್ದ ರಾಜಕಾರಣಿ. ಈ ಎರಡನ್ನೂ ಮನಸ್ಸಿನಲ್ಲಿಟ್ಟು ಓದಿದರೆ ವಿಲ್ಕ್ಸನ ಮಾತುಗಳಲ್ಲಿ ಯಾವುದನ್ನು ನಂಬಬೇಕು, ಎಲ್ಲಿ ತಡೆದು ನಿಲ್ಲಬೇಕು ಎಂಬುದು ಸಾಕಷ್ಟು ನಿಚ್ಚಳವಾಗುತ್ತದೆ.

ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಣ ಕಡಲಿನಲ್ಲಿರುವ ಮ್ಯಾನ್ ದ್ವೀಪ ಇವನ ಜನ್ಮಸ್ಥಳ. ತಂದೆ ಜೇಮ್ಸ್ ವಿಲ್ಕ್ಸ್ ಅಲ್ಲಿನ ಪಾದ್ರಿ. ಮಗನೂ ಪಾದ್ರಿಯಾಗಲೆಂದು ಗ್ರೀಕ್, ಲ್ಯಾಟಿನ್ ಓದಿಸಿದ್ದರು. ಆ ದ್ವೀಪ ಇಂಗ್ಲೆಂಡಿನ ಒಂದು ಜಿಲ್ಲೆಯಾಗಿರಲಿಲ್ಲ. ಅದಕ್ಕೆ ತನ್ನದೇ ಒಡೆಯರಿದ್ದರು, ತನ್ನದೇ ಕಾನೂನಿತ್ತು. 1765ರಲ್ಲಿ ಬ್ರಿಟಿಷ್ ಸರ್ಕಾರ ಅಲ್ಲಿನ ಒಡೆತನದ ಹಕ್ಕನ್ನು ಆಥಾಲ್ ಮನೆತನದಿಂದ 70,000 ಪೌಂಡಿಗೆ ಕೊಂಡಿತು. ಆಗ ವಿಲ್ಕ್ಸ್ ಚಿಕ್ಕ ಹುಡುಗ. ದ್ವೀಪದ ಶಾಸನಸಭೆಯಾದ ಹೌಸ್ ಆಫ್ ಕೀಸ್ ಮಾತ್ರ ಉಳಿದುಕೊಂಡಿತು. 24 ಜನರ ಆ ಸಭೆಯನ್ನು ಜನ ಆರಿಸುತ್ತಿರಲಿಲ್ಲ. ಒಂದು ಸ್ಥಾನ ತೆರವಾದರೆ ಉಳಿದ ಸದಸ್ಯರೇ ಎರಡು ಹೆಸರು ಸೂಚಿಸುವುದು, ಅದರಲ್ಲೊಂದನ್ನು ಗವರ್ನರ್ ಒಪ್ಪುವುದು. 1866ರವರೆಗೆ ನಡೆದದ್ದು ಇದೇ ಪದ್ಧತಿ. ಹಿಂದೂಸ್ಥಾನದಿಂದ ಹಣ, ಹೆಸರು ಎರಡನ್ನೂ ಮಾಡಿಕೊಂಡು ಮರಳಿದ ವಿಲ್ಕ್ಸ್ ಆ ಸಭೆಯನ್ನು ಸೇರಿದ್ದೂ ಅದರ ಪೀಠವೇರಿದ್ದೂ ಈ ದಾರಿಯಲ್ಲಿ. ಚಿತ್ರದುರ್ಗದ ನಾಯಕರಂಥ ಪಾಳೆಯಗಾರರ ಅಧಿಕಾರಕ್ಕೆ ಆಧಾರವೇನು ಎಂದು ಬರವಣಿಗೆಯಲ್ಲಿ ತೂಗಿ ನೋಡಿದವನು ಒಬ್ಬ ಮತದಾರನೂ ಇಲ್ಲದ ಸಭೆಯಲ್ಲಿ ಕೂತು ಶಾಸನ ಮಾಡಿದ್ದನ್ನು ಗುರುತಿಸದೆ ಮುಂದೆ ಹೋಗುವಂತಿಲ್ಲ. ಇದರಲ್ಲಿ ಅವನಿಗೆ ವಿರೋಧಾಭಾಸ ಕಂಡಿರಲಾರದು. ಅವನ ಕಾಲದ ಬ್ರಿಟನ್ನಿನಲ್ಲಿ ಅಧಿಕಾರವೆಂದರೆ ಬಹುಮಟ್ಟಿಗೆ ಮನೆತನ, ಆಸ್ತಿ, ಪರಿಚಯಗಳ ವ್ಯವಹಾರವೇ ಆಗಿತ್ತು.

1782ರಲ್ಲಿ ವಿಲ್ಕ್ಸ್ ಮದರಾಸು ಸೈನ್ಯ ಸೇರಿದ. ಆ ನೌಕರಿಗೆ ಸೇರುವವರಿಗಿಂತ ವಯಸ್ಸು ತುಸು ಹೆಚ್ಚಾಗಿತ್ತು, ಓದೂ ಹೆಚ್ಚಾಗಿತ್ತು. ಹಾಗಾಗಿ ಕತ್ತಿಗಿಂತ ಕಾಗದದ ಕೆಲಸವೇ ಇವನ ಪಾಲಿಗೆ ಬಂದದ್ದು ಜಾಸ್ತಿ. ಹೈದರನ ಮಗ ಟಿಪ್ಪುವಿನ ವಿರುದ್ಧ 1790–92ರ ಯುದ್ಧದಲ್ಲಿದ್ದ. ಆಮೇಲೆ ಆರೋಗ್ಯ ಕೆಟ್ಟು ಊರಿಗೆ ಹೋದವನು 1799ರಲ್ಲಿ ಶ್ರೀರಂಗಪಟ್ಟಣ ಬೀಳುವ ಹೊತ್ತಿಗೆ ರಣರಂಗದಲ್ಲಿರಲಿಲ್ಲ. ಹಿಂತಿರುಗಿ ಮದರಾಸಿನ ಗವರ್ನರ್ ಲಾರ್ಡ್ ಕ್ಲೈವನ ಕಾರ್ಯದರ್ಶಿಯಾದ. 1803ರಲ್ಲಿ ಮೈಸೂರಿನ ರೆಸಿಡೆಂಟ್ ಹುದ್ದೆ ಜಾನ್ ಮಾಲ್ಕಮ್‌ನ ಹೆಸರಿಗೆ ಬಂತು. ಮಾಲ್ಕಮ್ ಬೇರೆ ಕಡೆಯ ಕೆಲಸಗಳಲ್ಲಿ ತೊಡಗಿದ್ದರಿಂದ ಕುರ್ಚಿಯಲ್ಲಿ ಕೂತು ಕೆಲಸ ಮಾಡಿದವನು ವಿಲ್ಕ್ಸ್. 1808ರ ಆರಂಭದಲ್ಲಿ ಮತ್ತೆ ಕಾಯಿಲೆ ಬಿದ್ದು ಹಿಂದೂಸ್ಥಾನ ಬಿಡುವವರೆಗೂ ಅಲ್ಲೇ ಇದ್ದ. ರೆಸಿಡೆಂಟ್ ಎಂದರೆ ಬರೀ ರಾಯಭಾರಿಯಲ್ಲ. ಐದು ವಯಸ್ಸಿನ ಕೃಷ್ಣರಾಜ ಒಡೆಯರನ್ನು 1799ರ ಜೂನ್ 30ರಂದು ಗಾದಿಯಲ್ಲಿ ಕೂರಿಸಿ, ಹೈದರ್ ಮತ್ತು ಟಿಪ್ಪುವಿನ ಕೈಕೆಳಗೆ ಪಳಗಿದ ಪೂರ್ಣಯ್ಯನವರನ್ನು ದಿವಾನರನ್ನಾಗಿ ಮಾಡಿ, ವರ್ಷಕ್ಕೆ 7 ಲಕ್ಷ ವರಹ ಕಪ್ಪ ಗೊತ್ತುಮಾಡಿದ ಏರ್ಪಾಡು ಮುರಿಯದಂತೆ ನೋಡಿಕೊಳ್ಳುವುದು ಅವನ ಹೊಣೆ. ಆ ಏರ್ಪಾಡು ಚೆನ್ನಾಗಿ ನಡೆಯುತ್ತಿದೆ ಎಂದು ಅವನು ಮೈಸೂರಿನ ಒಳಾಡಳಿತ, ಆದಾಯ, ವೆಚ್ಚಗಳ ಬಗ್ಗೆ ವರದಿ ಬರೆದ. 1805ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾಯಿತು. ಪೂರ್ಣಯ್ಯನವರ ಆಡಳಿತಕ್ಕೆ ಅದರಲ್ಲಿ ಧಾರಾಳ ಮೆಚ್ಚುಗೆಯಿದೆ. ಇತಿಹಾಸ ಗ್ರಂಥದ ಬೀಜ ಬಿದ್ದದ್ದೂ ಈ ಹುದ್ದೆಯಲ್ಲಿದ್ದಾಗಲೇ.

ಇಲ್ಲೊಂದು ಆಕ್ಷೇಪ ಏಳಬಹುದು: ವಿಲ್ಕ್ಸ್ ಸೈನಿಕ, ಆಮೇಲೆ ವಿದ್ವಾಂಸ, ರಾಜಕಾರಣಿ ಎನ್ನುವುದು ಎಳೆದು ಹೇಳಿದ ಮಾತಲ್ಲವೆ? ಅಲ್ಲ. ಕಂಪನಿಯ ಕಾಗದಪತ್ರಗಳಲ್ಲಿ ದೇಶೀ ದರ್ಬಾರುಗಳ ವ್ಯವಹಾರಕ್ಕೆ ರಾಜಕೀಯ ಇಲಾಖೆಯೆಂದೇ ಹೆಸರು. ಅಲ್ಲಿ ಕೆಲಸ ಮಾಡಿದವನು ಯಾರಿಗೆ ಗಾದಿ, ಯಾರಿಗೆ ಪಿಂಚಣಿ, ಯಾರಿಗೆ ಸೆರೆ ಎಂಬುದರ ಬಗ್ಗೆ ದಿನವೂ ಬರೆಯಬೇಕಿತ್ತು. ಮ್ಯಾನ್ ದ್ವೀಪದ ಸಭಾಪೀಠವೇ ಅವನ ರಾಜಕೀಯವೆಂದು ಎಣಿಸಿ ಮೈಸೂರಿನ ಐದು ವರ್ಷಗಳನ್ನು ಬಿಟ್ಟುಬಿಟ್ಟರೆ ಲೆಕ್ಕ ತಲೆಕೆಳಗಾಗುತ್ತದೆ. ಲಕ್ಷಾಂತರ ಜನರ ಬದುಕಿಗೆ ತಗಲುವಂಥ ರಾಜಕಾರಣವನ್ನು ಅವನು ಮಾಡಿದ್ದು ಇಲ್ಲಿ, ಅಲ್ಲಿ ಅಲ್ಲ.

ಗ್ರಂಥಕ್ಕೆ ಅವನು ಸಾಮಗ್ರಿ ಕೂಡಿಸಿದ ಬಗೆ ಗಮನಿಸಬೇಕಾದದ್ದು. ಅದೇ ವರ್ಷಗಳಲ್ಲಿ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯನ್ನು ಅಳೆಯುತ್ತ, ಊರೂರಿನ ಕೈಫಿಯತ್ತುಗಳನ್ನೂ ವಂಶಾವಳಿಗಳನ್ನೂ ಬರೆಸಿ ತರಿಸುತ್ತಿದ್ದ; ಆ ಸಂಗ್ರಹ ವಿಲ್ಕ್ಸನ ಕೈಗೆ ಸಿಕ್ಕಿತು. ಪಾರಸಿ ಬರಹಗಳಿದ್ದವು, ಕಂಪನಿಯ ದಫ್ತರವಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಹೈದರನ ಸರ್ಕಾರದಲ್ಲಿ ಲೆಕ್ಕ ಬರೆದು, ದಂಡಯಾತ್ರೆಗಳಲ್ಲಿ ಜೊತೆಗೆ ನಡೆದು, ಇನ್ನೂ ಬದುಕಿದ್ದ ಮುತ್ಸದ್ದಿಗಳು ಕಣ್ಣೆದುರಿಗಿದ್ದರು. ಸ್ವತಃ ದಿವಾನ್ ಪೂರ್ಣಯ್ಯನವರೇ ಅಂಥವರಲ್ಲಿ ಒಬ್ಬರು. ಇದಕ್ಕೆ ಪಕ್ಕದಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ನಿಲ್ಲಿಸಿ ನೋಡಬಹುದು. ಗವರ್ನರ್ ಜನರಲ್ ವೆಲ್ಲೆಸ್ಲಿ ಕಳಿಸಿದ ಬುಕಾನನ್ 1801ರಲ್ಲಿ ಹಿರಿಯೂರು, ಚಿತ್ರದುರ್ಗಗಳ ಮೇಲೆ ಹಾದುಹೋದ. ಅವನು ರೈತರನ್ನು ಕೇಳಿದ, ನೇಕಾರರನ್ನು ಕೇಳಿದ, ಮಣ್ಣಿನ ಬಣ್ಣ ನೋಡಿದ, ಬಾವಿಯ ಆಳ ಕೇಳಿದ. ಯುದ್ಧವೂ ಬರವೂ ಸೇರಿ ಹಿರಿಯೂರಿನಂಥ ಊರನ್ನು ಹೇಗೆ ಬರಿದು ಮಾಡಿದವು ಎಂಬುದು ಬುಕಾನನ್‌ನ ಪುಸ್ತಕದಲ್ಲಿ ತಿಳಿಯುತ್ತದೆ, ವಿಲ್ಕ್ಸನಲ್ಲಿ ತಿಳಿಯುವುದಿಲ್ಲ. ವಿಲ್ಕ್ಸನಿಗೆ ಬೇಕಾದದ್ದು ಅರಮನೆಗಳ ಮಾತುಕತೆ, ಸೈನ್ಯಗಳ ಚಲನೆ, ಒಪ್ಪಂದ ಮತ್ತು ಅದರ ಭಂಗ. ಹೊಳಲ್ಕೆರೆಯಲ್ಲಿ 1475ರಲ್ಲಿ ಗುಲಿಯಪ್ಪ ನಾಯಕ ನಿಲ್ಲಿಸಿದ ಗಣಪತಿಯಂಥ, ದುರ್ಗದ ದೊರೆತನಕ್ಕಿಂತಲೂ ಹಳೆಯದಾದ ಒಂದು ನೆಲದ ಬದುಕು ಅವನ ಲೆಕ್ಕಕ್ಕೆ ಬರುವಂಥದ್ದಲ್ಲ. ಬಾಗೂರಿನ ಕಡೆ ಕಣ್ಣಿಟ್ಟು ದುರ್ಗದವರು ಕಟ್ಟಿದ ಹೊಸದುರ್ಗದಂಥ ಕಿರುಕೋಟೆಗಳ ಕತೆಯೂ ಹಾಗೆಯೇ. ಈ ಸೀಮೆಯ ಶಾಸನಗಳನ್ನು ಒಟ್ಟುಮಾಡಿ ಬಿ. ಎಲ್. ರೈಸ್ ಸಂಪುಟ ಹೊರತಂದದ್ದು 1903ರಲ್ಲಿ. ವಿಲ್ಕ್ಸನಿಗೆ ಆ ನೆರವಿರಲಿಲ್ಲ.

ಅವನ ಪುಸ್ತಕದಲ್ಲಿ ಚಿತ್ರದುರ್ಗ ಕಾಣಿಸಿಕೊಳ್ಳುವುದು ತನ್ನಷ್ಟಕ್ಕೆ ತಾನಲ್ಲ, ಮೈಸೂರಿನ ಹಾದಿಗೆ ಅಡ್ಡ ಬಂದಾಗ ಮಾತ್ರ. 1748ರ ಮಾಯಕೊಂಡದ ಕಾಳಗ ಅಲ್ಲಿ ಚಂದಾ ಸಾಹೇಬನ ಚರಿತ್ರೆಯ ಒಂದು ತಿರುವು. ಅದೇ ಕಾಳಗದಲ್ಲಿ ದುರ್ಗದ ದೊರೆ ಹಿರೇ ಮದಕರಿ ನಾಯಕ ಮಡಿದದ್ದು ದುರ್ಗದವರ ಪಾಲಿಗೆ ಒಂದು ಯುಗದ ಕೊನೆ. 1754ರಲ್ಲಿ ಪಟ್ಟಕ್ಕೆ ಬಂದ ಕೊನೆಯ ಮದಕರಿ ನಾಯಕನನ್ನು ಹೈದರ್ 1762ರಲ್ಲಿ ಕಪ್ಪಕ್ಕೆ ಒಪ್ಪಿಸಿಕೊಂಡ. ಮರುವರ್ಷದ ಬಿದನೂರು ದಂಡಯಾತ್ರೆಗೆ ನೆಪ ಒದಗಿಸಿದ್ದು ಕೂಡ ದುರ್ಗವೇ. ಕೊಲೆಯಾದನೆಂದು ಸುದ್ದಿಯಾಗಿದ್ದ ಬಿದನೂರಿನ ರಾಜಕುಮಾರ ತಾನೇ ಎಂದುಕೊಳ್ಳುತ್ತಿದ್ದ ಯುವಕನನ್ನು ಹೈದರನ ಮುಂದೆ ತಂದು ನಿಲ್ಲಿಸಿದವನು ಮದಕರಿ ನಾಯಕ ಎಂದು ವಿಲ್ಕ್ಸ್ ಬರೆಯುತ್ತಾನೆ. ನೆರೆಯ ದೊಡ್ಡ ಸಂಸ್ಥಾನವೊಂದು ಬಿದ್ದರೆ ತನ್ನ ಬೆನ್ನು ಹಗುರವಾದೀತು ಎಂಬ ನಾಯಕನ ಎಣಿಕೆ ಹದಿನಾರು ವರ್ಷಗಳಲ್ಲಿ ಹುಸಿಯಾಯಿತು. 1777ರಲ್ಲಿ ಹೈದರ್ ದುರ್ಗಕ್ಕೆ ಮುತ್ತಿಗೆ ಹಾಕಿದ; ಮರಾಠರ ಸೈನ್ಯ ಬರುತ್ತಿದೆಯೆಂಬ ಕಾರಣಕ್ಕೆ ರಾಜಿ ಮಾಡಿಕೊಂಡು ಎದ್ದ. ಮರಾಠರೊಡನೆ ಹೈದರ್ ಸೆಣಸುವಾಗ ನಾಯಕ ಯಾರ ಕಡೆಗೂ ವಾಲದೆ ಕಾದು ನೋಡಿದ. ಗೆದ್ದ ಹೈದರ್ ಮತ್ತೆ ಬಂದ. 1779ರಲ್ಲಿ ಕೋಟೆ ನಾಯಕನ ಕೈಬಿಟ್ಟಿತು.

ವಿಲ್ಕ್ಸನ ಬರವಣಿಗೆಯಲ್ಲಿ ಎಲ್ಲರೂ ಎತ್ತಿ ಬಳಸಿದ ಭಾಗ ಈ ಮುತ್ತಿಗೆಗೆ ಸಂಬಂಧಿಸಿದ್ದು. ಪ್ರತಿ ಸೋಮವಾರ ನಾಯಕ ದೇವಿಗೆ ಪೂಜೆ ಸಲ್ಲಿಸುತ್ತಿದ್ದ, ಪೂಜೆ ಮುಗಿದ ಗುರುತಿಗೆ ಒಂದು ಬಗೆಯ ಕಹಳೆ ಮೊಳಗುತ್ತಿತ್ತು, ಆಮೇಲೆ ನಾಯಕನ ಬೇಡರ ಪಡೆ ಕೋಟೆಯಿಂದ ಇಳಿದು ಮುತ್ತಿಗೆಯವರ ಮೇಲೆ ಎರಗುತ್ತಿತ್ತು. ಕಹಳೆ ಕೇಳಿದ ಕೂಡಲೇ ಕೆಳಗಿನ ಸೈನ್ಯ ಎಚ್ಚರವಾಗುತ್ತಿತ್ತು. ಯಾವ ಕಡೆಯಿಂದ ಬರುತ್ತಾರೆ ಎಂಬುದೊಂದು ಬಿಟ್ಟು ಎಲ್ಲವೂ ಗೊತ್ತಿರುತ್ತಿತ್ತು. ಆದರೂ ಬೇಡರು ಮೋರ್ಚೆಗಳೊಳಕ್ಕೆ ನುಗ್ಗಿ ತಲೆಗಳನ್ನು ಕೊಯ್ದು ಒಯ್ಯದೆ ಒಂದು ಸಲವೂ ಹಿಂದಿರುಗಲಿಲ್ಲ. ಕೋಟೆ ಬಿದ್ದ ಮೇಲೆ ಗುಡಿಯ ಮುಂದೆ ಸಣ್ಣ ಸಣ್ಣ ರಾಶಿಗಳಲ್ಲಿ ಸುಮಾರು ಎರಡು ಸಾವಿರ ತಲೆಗಳು ಸಿಕ್ಕವು. ಇದು ಅವನ ಕಥನದ ಸಾರ. ಇಲ್ಲಿ ಒಂದೊಂದು ವಿವರವನ್ನೂ ಬಿಡಿಸಿ, ಇದು ಯಾರಿಗೆ ತಿಳಿದಿರಲು ಸಾಧ್ಯ ಎಂದು ಕೇಳಿಕೊಂಡು ನೋಡಬೇಕು. ಕಹಳೆ ದೂರದಿಂದ ಕೇಳಿಬರುತ್ತದೆ, ಊದುವವನು ಕಾಣುವುದಿಲ್ಲ. ಪೂಜೆಯ ವಿಧಿ ಏನು, ಪೂಜಾರಿ ಯಾರು, ಹೊರಬೀಳುವ ಪಡೆಯ ಮುಂದಾಳು ಯಾರು, ಯಾವ ಬಾಗಿಲು, ಯಾವ ಬತೇರಿ, ಒಂದಕ್ಕೂ ಹೆಸರಿಲ್ಲ. ದೇವಿಯನ್ನು ಕಾಳಿ ಎಂದಷ್ಟೇ ಹೇಳುತ್ತಾನೆ. ಬೆಟ್ಟದ ಮೇಲಿನ ಏಕನಾಥೇಶ್ವರಿಯನ್ನೋ ಉಚ್ಚಂಗಮ್ಮನನ್ನೋ ಬಲ್ಲ ದುರ್ಗದವನ ಬಾಯಲ್ಲಿ ಇಷ್ಟು ಸಾಮಾನ್ಯವಾದ ಹೆಸರು ಬರುತ್ತಿರಲಿಲ್ಲ. ತಲೆಗಳ ಎಣಿಕೆ ತಿಳಿದದ್ದು ಕೋಟೆ ಗೆದ್ದು ಒಳಹೊಕ್ಕವರಿಗೆ. ಹೀಗೆ ಪ್ರತಿ ಅಂಶವೂ ಕೆಳಗಿನ ಬಯಲಿನಲ್ಲಿ ಡೇರೆ ಹಾಕಿ, ಸೋಮವಾರ ಬಂತೆಂದರೆ ಕಿವಿ ನಿಮಿರಿಸಿ ಕೂತಿದ್ದವರ ನೆನಪು. ವಿಲ್ಕ್ಸ್ ಮದರಾಸಿಗೆ ಕಾಲಿಟ್ಟದ್ದೇ ದುರ್ಗ ಬಿದ್ದು ಮೂರು ವರ್ಷಗಳಾದ ಮೇಲೆ. ಸುಮಾರು ಕಾಲು ಶತಮಾನ ಕಳೆದು ಅವನು ಕೇಳಿ ಬರೆದುಕೊಂಡದ್ದು ಆ ಬಯಲಿನವರ ನೆನಪನ್ನೇ.

ಇದೇ ಕಹಳೆಗೆ ಕೋಟೆಯ ಒಳಗಿನ ಸಂಪ್ರದಾಯದಲ್ಲಿ ಒಬ್ಬ ಮನುಷ್ಯನಿದ್ದಾನೆ. ಒನಕೆ ಓಬವ್ವನ ಗಂಡ ಕಹಳೆ ಮುದ್ದ ಹನುಮಪ್ಪ, ಕಾವಲಿನವನು. ಅವನು ಊಟಕ್ಕೆ ಕೂತ ಹೊತ್ತಿನಲ್ಲಿ ಬಂಡೆಗಳ ನಡುವಣ ಕಿಂಡಿಯಿಂದ ನುಸುಳಿದ ಹೈದರನ ಸಿಪಾಯಿಗಳನ್ನು ಓಬವ್ವ ಒಬ್ಬೊಬ್ಬರನ್ನಾಗಿ ಒನಕೆಯಿಂದ ಕೊಂದಳು ಎಂಬ ಕತೆಯನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಿಲ್ಲ. 1972ರ ‘ನಾಗರಹಾವು’ ಚಿತ್ರ ಅದನ್ನು ಮನೆಮನೆಗೆ ಮುಟ್ಟಿಸಿತು. ವಿಲ್ಕ್ಸನ ಪುಟಗಳಲ್ಲಿ ಓಬವ್ವ ಇಲ್ಲ. ಇದನ್ನು ಹಿಡಿದು, ಸಮಕಾಲೀನರಿಗೆ ಹತ್ತಿರದ ಇತಿಹಾಸಕಾರನೇ ಹೇಳದ ಮೇಲೆ ಓಬವ್ವ ಕಟ್ಟುಕತೆ ಎಂದು ತೀರ್ಮಾನಿಸುವುದುಂಟು. ಆ ತೀರ್ಮಾನ ನಿಲ್ಲುವುದಿಲ್ಲ. ಕೆಲವು ಸಿಪಾಯಿಗಳು ಕಳ್ಳದಾರಿಯಲ್ಲಿ ಹೋಗಿ ಮರಳದೆ ಇದ್ದರೆ ಬೀಡಿನಲ್ಲಿ ಉಳಿಯುವುದು ಅವರು ಮರಳಲಿಲ್ಲ ಎಂಬ ಸಂಗತಿ ಮಾತ್ರ. ಕೊಂದವರು ಯಾರು, ಯಾವುದರಿಂದ ಎಂಬುದು ಒಳಗಿನವರಿಗಷ್ಟೇ ಗೊತ್ತು. ಒಬ್ಬ ಹೆಂಗಸಿನ ಒನಕೆಗೆ ಸಿಕ್ಕಿ ಸತ್ತರು ಎಂದು ಸೋತ ತುಕಡಿಯವರು ತಮ್ಮ ದಫ್ತರಕ್ಕೆ ಬರೆಸುತ್ತಾರೆಂದು ನಿರೀಕ್ಷಿಸುವುದೂ ಹೆಚ್ಚಾಯಿತು. ಹಾಗೆಂದು ವಿಲ್ಕ್ಸನ ಮೌನ ಓಬವ್ವನಿಗೆ ಸಾಕ್ಷಿಯೂ ಆಗುವುದಿಲ್ಲ. ಅವಳ ಕತೆಗೆ ಆಧಾರ ಸ್ಥಳೀಯ ಪರಂಪರೆ, ಅದನ್ನು ಅದರ ಬಲದ ಮೇಲೆಯೇ ಒರೆಗೆ ಹಚ್ಚಬೇಕು. ವಿಲ್ಕ್ಸನನ್ನು ಈ ವ್ಯಾಜ್ಯದಲ್ಲಿ ಯಾರೂ ತಮ್ಮ ಕಡೆಯ ಸಾಕ್ಷಿಯಾಗಿ ಕರೆಯುವಂತಿಲ್ಲ.

ಗಟ್ಟಿಯಾದ ಇನ್ನೊಂದು ಆಕ್ಷೇಪವಿದೆ. ವಿಲ್ಕ್ಸ್ ಹೈದರ್–ಟಿಪ್ಪುಗಳ ವೈರಿಪಕ್ಷದವನು. ಟಿಪ್ಪುವಿನ ಬಗ್ಗೆ ಅವನ ದ್ವೇಷ ಕಣ್ಣಿಗೆ ಹೊಡೆಯುವಂತಿದೆ. ತಂದೆ ಕಟ್ಟಿದ್ದನ್ನು ಮಗ ಕಳೆದ ಎಂಬ ಚಿತ್ರವನ್ನು ಗಟ್ಟಿಮಾಡಿದವರಲ್ಲಿ ಇವನೇ ಮೊದಲಿಗ. ಅಂಥವನು ಹೈದರನ ಬೀಡಿನ ಕಣ್ಣಿನಿಂದ ಬರೆದ ಎನ್ನುವುದು ಹೇಗೆ? ಇಲ್ಲಿ ತೀರ್ಪನ್ನೂ ಮಾಹಿತಿಯನ್ನೂ ಬೇರೆಬೇರೆಯಾಗಿ ನೋಡಬೇಕು. ತೀರ್ಪು ವಿಲ್ಕ್ಸನದು, ಕಂಪನಿಯದು. ಮಾಹಿತಿ ಮಾತ್ರ ಹೈದರನ ಅನ್ನ ಉಂಡವರದು, ಏಕೆಂದರೆ ಶ್ರೀರಂಗಪಟ್ಟಣದ ಹಳೆಯ ಆಡಳಿತದ ತಲೆಗಳೇ ಹೊಸ ಮೈಸೂರಿನ ಆಡಳಿತವನ್ನೂ ನಡೆಸುತ್ತಿದ್ದವು. ದುರ್ಗದ ನಾಯಕನ ಮನೆಯವರೋ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದವರು. ಮದಕರಿ ನಾಯಕ ಅಲ್ಲೇ ಕೊನೆಯಾದ. ರೆಸಿಡೆಂಟನ ಬಂಗಲೆಗೆ ಹೋಗಿ ಕೂತು ತಮ್ಮ ಕತೆ ಹೇಳುವ ಸ್ಥಿತಿಯಲ್ಲಿ ಆ ಪಕ್ಷದಲ್ಲಿ ಯಾರೂ ಉಳಿದಿರಲಿಲ್ಲ. ಹೈದರನ ಸ್ವಭಾವದ ಬಗ್ಗೆ ವಿಲ್ಕ್ಸ್ ಹೇಳುವ ರಸವತ್ತಾದ ಪ್ರಸಂಗಗಳೆಲ್ಲ ದರ್ಬಾರಿನ ಒಳಗಿನವು. ಮಲಬಾರಿನಿಂದ ಸೆರೆಬಂದು ಹೈದರನ ಮೆಚ್ಚಿನ ಬಂಟನಾದ ಶೇಖ್ ಅಯಾಜ್‌ಗೆ ಗೆದ್ದ ಚಿತ್ರದುರ್ಗದ ಅಧಿಕಾರ ಸಿಕ್ಕಿತು. ತನಗೆ ಓದುಬರಹ ಬಾರದೆಂದು ಅವನು ಹಿಂಜರಿದಾಗ, ಲೇಖನಿಯ ಬದಲು ಬಲಗೈಯಲ್ಲಿ ಚಾವಟಿ ಇಟ್ಟುಕೋ, ಅದೇ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬ ಅರ್ಥದಲ್ಲಿ ಹೈದರ್ ಹೇಳಿದನಂತೆ. ಈ ಮಾತು ದುರ್ಗದ ಬೀದಿಯಲ್ಲಿ ಹುಟ್ಟಿದ್ದಲ್ಲ, ಹೈದರನ ಸುತ್ತ ನಿಂತು ನಕ್ಕವರಿಂದ ಬಂದದ್ದು. ಚಾವಟಿಯ ಏಟು ತಿಂದವರ ಹೇಳಿಕೆ ಯಾವ ಸಂಪುಟದಲ್ಲೂ ಸೇರಿಲ್ಲ.

ಬೀಡಿನ ಸಾಕ್ಷ್ಯ ಎಂದ ಮಾತ್ರಕ್ಕೆ ಅದು ದುರ್ಬಲವೆಂದು ಅರ್ಥವಲ್ಲ; ಕೆಲವೆಡೆ ಅದೇ ಹೆಚ್ಚು ಬಲವಾದದ್ದು. ಕೋಟೆ ಬಿದ್ದದ್ದು ಹೇಗೆ ಎಂಬ ಪ್ರಶ್ನೆ ಇಂಥದ್ದು. ನಾಯಕನ ಸೇವೆಯಲ್ಲಿ 3,000 ಮುಸಲ್ಮಾನ ಸೈನಿಕರಿದ್ದರು, ಬಯಲಿನಲ್ಲಿ ಹೈದರನ ಬೀಡಿನ ಹತ್ತಿರವೇ ಯಾರ ಅನುಮಾನಕ್ಕೂ ಒಳಗಾಗದೆ ಇದ್ದ ಅವರ ಗುರುವಾದ ಫಕೀರನ ಮೂಲಕ ಹೈದರ್ ಅವರನ್ನು ಒಲಿಸಿಕೊಂಡ ಎಂದು ವಿಲ್ಕ್ಸ್ ಹೇಳುತ್ತಾನೆ. ಒಲಿಸಿಕೊಂಡವರು ಯಾರು ಎಂಬುದು ಒಲಿಸಿಕೊಂಡ ಕಡೆಗೆ ಚೆನ್ನಾಗಿ ಗೊತ್ತಿರುತ್ತದೆ. ಕೊಟ್ಟ ಹಣಕ್ಕೆ ಲೆಕ್ಕ ಇರುವುದು ಕೊಟ್ಟವರ ಬಳಿ. ಆದ್ದರಿಂದ ಈ ಭಾಗವನ್ನು ಸುಲಭಕ್ಕೆ ತಳ್ಳಿಹಾಕಲಾಗದು. ಇತ್ತೀಚಿನ ಜಗಳಗಳಲ್ಲಿ ಇದೇ ಸಾಲುಗಳನ್ನು ಎತ್ತಿ ಒಂದು ಮತದವರ ದ್ರೋಹವೆಂದು ಬಣ್ಣ ಹಚ್ಚುವುದೂ ಉಂಟು. ಅದೇ ವಾಕ್ಯ ಇನ್ನೊಂದನ್ನೂ ಹೇಳುತ್ತದೆ: ಬೇಡ ನಾಯಕನೊಬ್ಬ ಮೂರು ಸಾವಿರ ಮುಸಲ್ಮಾನರ ಕೈಗೆ ತನ್ನ ಕೋಟೆಯ ಕಾವಲು ಕೊಟ್ಟಿದ್ದ, ಅವರ ಗುರುವನ್ನು ಯುದ್ಧದ ನಡುವೆಯೂ ನೆಮ್ಮದಿಯಿಂದ ಇರಗೊಟ್ಟಿದ್ದ. ಒಂದನ್ನು ಒಪ್ಪಿ ಇನ್ನೊಂದನ್ನು ಮುಚ್ಚುವುದು ಸಾಕ್ಷ್ಯಕ್ಕೆ ಮಾಡುವ ಅನ್ಯಾಯ. ದ್ರೋಹ ತಿಳಿದ ಮೇಲೆ ನಾಯಕ ತಾನಾಗಿಯೇ ಪಲ್ಲಕ್ಕಿಯಲ್ಲಿ ಇಳಿದು ಹೈದರನ ಮುಂದೆ ಶರಣಾದ ಎಂಬ ಮಾತು ಮಾತ್ರ ಗೆದ್ದವರಿಗೆ ಹಿತವಾದ ಚಿತ್ರ. ಅದನ್ನು ಸ್ವಲ್ಪ ತಡೆದು ಸ್ವೀಕರಿಸುವುದು ಲೇಸು.

ಗೆದ್ದ ಮೇಲೆ ಹೈದರ್ ಮಾಡಿದ ಒಂದು ಕೆಲಸವನ್ನು ವಿಲ್ಕ್ಸ್ ಎರಡೇ ಮಾತಿನಲ್ಲಿ ಹೇಳಿ ಮುಗಿಸುತ್ತಾನೆ, ಆದರೆ ಈ ಸೀಮೆಯ ಜನಜೀವನದ ದೃಷ್ಟಿಯಿಂದ ಮುತ್ತಿಗೆಗಿಂತ ಅದೇ ದೊಡ್ಡದು. ಬೇಡರನ್ನು ಅಡಗಿಸಲು ಸುಮಾರು 20,000 ಜನರನ್ನು ಅವರ ನೆಲದಿಂದ ಕಿತ್ತು ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿದ. ವಯಸ್ಸಿಗೆ ಬಂದ ಹುಡುಗರನ್ನು ಮತಾಂತರಿಸಿ ಚೇಲಾ ಎಂಬ ಕವಾಯತು ಪಡೆಗಳನ್ನು ಕಟ್ಟಿದ. ಇಪ್ಪತ್ತು ಸಾವಿರ ಎಂಬುದು ದುಂಡಗಿನ ಸಂಖ್ಯೆ, ತಲೆ ಎಣಿಸಿ ಬರೆದದ್ದಲ್ಲ. ಅರ್ಧದಷ್ಟೇ ಆಗಿದ್ದರೂ ದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳ ಒಣಭೂಮಿಯ ಹಳ್ಳಿಗಳಿಗೆ ಅದು ಎಂಥ ಏಟು ಎಂದು ಊಹಿಸಬಹುದು. ಕೆರೆಯ ಹೂಳೆತ್ತುವ ಕೈ, ಗಡಿ ಕಾಯುವ ಕೈ ಎರಡೂ ಒಟ್ಟಿಗೆ ಹೋದವು. ಮುಂದೆ 1791ರಲ್ಲಿ ಪರಶುರಾಮ ಭಾವೂನ ಮರಾಠಾ ಸೈನ್ಯ ಇದೇ ಸೀಮೆಯನ್ನು ತುಳಿದಾಗ, ಬೆನ್ನಿಗೇ ಬರ ಬಂದಾಗ, ಜನ ತಾಳಿಕೊಳ್ಳಲಾರದೆ ಹೋದದ್ದಕ್ಕೆ 1779ರ ಈ ಗುಳೆಯೂ ಒಂದು ಕಾರಣವಾಗಿರಬೇಕು. ಬುಕಾನನ್ ಕಂಡ ಪಾಳುಬಿದ್ದ ಹಿರಿಯೂರನ್ನೂ ವಿಲ್ಕ್ಸ್ ಕೊಡುವ ಈ ಸಂಖ್ಯೆಯನ್ನೂ ಜೊತೆಗಿಟ್ಟು ಓದಿದರೆ ಇಬ್ಬರಲ್ಲಿ ಒಬ್ಬರೂ ಬರೆಯದ ಮೂರನೆಯ ಇತಿಹಾಸ ಕಾಣುತ್ತದೆ.

ಪಾಳೆಯಗಾರರ ಕಡೆಗೆ ವಿಲ್ಕ್ಸನ ನಿಲುವು ಏನು? ಅವರ ಧೈರ್ಯವನ್ನು ಮೆಚ್ಚಲು ಅವನು ಲೋಭ ತೋರುವುದಿಲ್ಲ. ಹಕ್ಕಿಗೆ ಮಾತ್ರ ಬೆಲೆ ಕೊಡುವುದಿಲ್ಲ. ಮೊದಲ ಸಂಪುಟದಲ್ಲಿ ಭೂಮಿಯ ಒಡೆತನ ಕುರಿತು ದೀರ್ಘ ಅಧ್ಯಾಯವಿದೆ. ಹಿಂದೂಸ್ಥಾನದಲ್ಲಿ ನೆಲವೆಲ್ಲ ದೊರೆಯದು ಎಂದು ಕಂಪನಿಯ ಬಹಳ ಮಂದಿ ನಂಬಿದ್ದ ಕಾಲದಲ್ಲಿ, ಸ್ಮೃತಿಗಳನ್ನೂ ಶಾಸನಗಳನ್ನೂ ಮುಂದಿಟ್ಟುಕೊಂಡು, ಇಲ್ಲಿನ ರೈತನಿಗೆ ಖಾಸಗಿ ಒಡೆತನ ಹಿಂದಿನಿಂದಲೂ ಇತ್ತು ಎಂದು ಅವನು ವಾದಿಸಿದ. ಅವನ ವಿದ್ವತ್ತಿನ ಅತ್ಯುತ್ತಮ ಭಾಗ ಇದು. ಆದರೆ ಈ ವಾದಕ್ಕೆ ಇನ್ನೊಂದು ಮಗ್ಗುಲಿದೆ. ಒಡೆತನ ರೈತನದು, ಕಂದಾಯದ ಪಾಲು ದೊರೆಯದು ಎಂದಾದರೆ ನಡುವೆ ನಿಂತ ನಾಯಕನಿಗೆ ಉಳಿಯುವುದೇನು? ಬಲದಿಂದ ಕಿತ್ತುಕೊಂಡದ್ದಷ್ಟೇ. 1799ರ ಏರ್ಪಾಡಿನಲ್ಲಿ ಚಿತ್ರದುರ್ಗದ ಮನೆತನಕ್ಕೆ ರಾಜ್ಯ ಮರಳಲಿಲ್ಲ, ಹಳೆಯ ಪಾಳೆಯಗಾರರಲ್ಲಿ ಹಲವರಿಗೆ ಪಿಂಚಣಿಯೇ ಗತಿಯಾಯಿತು, ಅವರ ಕೈಕೆಳಗಿದ್ದ ಕಟ್ಟಾಳುಗಳನ್ನು ಪೂರ್ಣಯ್ಯನವರು ಕಂದಾಚಾರ ಎಂಬ ಸ್ಥಳೀಯ ಕಾವಲು ಪಡೆಗೆ ಸೇರಿಸಿ ಸಮಾಧಾನ ಮಾಡಿದರು. ಈ ನೀತಿಯನ್ನು 1805ರ ವರದಿಯಲ್ಲಿ ಮೆಚ್ಚಿದವನೇ 1810ರ ಗ್ರಂಥದಲ್ಲಿ ಅದಕ್ಕೆ ಸರಿಹೊಂದುವ ತತ್ತ್ವವನ್ನು ಒದಗಿಸಿದ. ಇದು ಉದ್ದೇಶಪೂರ್ವಕ ಮೋಸವೆನ್ನುವಂತಿಲ್ಲ. ಕೈಯಲ್ಲಿದ್ದ ಆಡಳಿತದ ಕೆಲಸ ಅವನಿಗೆ ಕೆಲವು ಪ್ರಶ್ನೆಗಳನ್ನು ಮಾತ್ರ ಕೇಳಗೊಟ್ಟಿತು. ಮೊದಲು ವಿಜಯನಗರದ ನಾಯಕರಾಗಿ, ಅದು ಕುಸಿದ ಮೇಲೆ ತಾವೇ ದೊರೆಗಳಾಗಿ, ಭರಮಸಾಗರದಂಥ ಕೆರೆ ಕಟ್ಟಿಸಿ, ಇನ್ನೂರು ವರ್ಷ ನೆಲೆನಿಂತ ಮನೆತನವನ್ನು ಬರೀ ದಾಳಿಕೋರರೆಂದು ಕರೆಯಬಹುದೆ ಎಂಬ ಪ್ರಶ್ನೆ ಅವುಗಳಲ್ಲಿ ಇರಲಿಲ್ಲ.

ವಿಲ್ಕ್ಸನಿಗೆ ಪಕ್ಷಪಾತವಿದ್ದರೆ ದುರ್ಗದ ಬಖೈರುಗಳಿಗೆ, ಎಂದರೆ ನಾಯಕರ ವೃತ್ತಾಂತಗಳಿಗೆ, ಇಲ್ಲವೆ ಎಂದು ಯಾರಾದರೂ ಕೇಳಬಹುದು, ಕೇಳಬೇಕಾದ ಮಾತೇ. ಬಖೈರು ಬರೆದವರು ನಾಯಕರ ಹೊಗಳಿಕೆಗೆ ಕಟ್ಟುಬಿದ್ದವರು. ಸೈನ್ಯದ ಲೆಕ್ಕ, ಲೂಟಿಯ ಮೊತ್ತ ಅವುಗಳಲ್ಲಿ ಕೈಗೆ ಸಿಕ್ಕಷ್ಟು ಬೆಳೆಯುತ್ತದೆ. ಆದರೆ ಹೆಸರುಗಳು ಸಿಗುವುದು ಅಲ್ಲಿಯೇ. ದಳವಾಯಿ ಯಾರು, ಪ್ರಧಾನಿ ಯಾರು, ಯಾವ ಗುಡಿಗೆ ಯಾರು ದತ್ತಿ ಬಿಟ್ಟರು ಎಂಬುದಕ್ಕೆ ವಿಲ್ಕ್ಸನ ಬಳಿ ಉತ್ತರವಿಲ್ಲ. ಎಂ. ಎಸ್. ಪುಟ್ಟಣ್ಣನವರು ಚಿತ್ರದುರ್ಗದ ಪಾಳೆಯಗಾರರ ಬಗ್ಗೆ ಬರೆದದ್ದು, ಹುಲ್ಲೂರು ಶ್ರೀನಿವಾಸ ಜೋಯಿಸರು ಊರೂರು ತಿರುಗಿ ಓಲೆ, ಕಡತ, ಶಾಸನ ಹುಡುಕಿದ್ದು ಈ ಕೊರತೆಯನ್ನು ತುಂಬಿತು. ತ. ರಾ. ಸುಬ್ಬರಾಯರ ‘ದುರ್ಗಾಸ್ತಮಾನ’ 1779ರ ಪತನವನ್ನು ಕೋಟೆಯ ಒಳಗಿನಿಂದ ನೋಡಿದ ಕಾದಂಬರಿ. 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಬಂತು. ಕಾದಂಬರಿಯನ್ನು ಇತಿಹಾಸವೆಂದು ಓದುವ ಚಟ ನಮ್ಮಲ್ಲಿ ಇದ್ದೇ ಇದೆ, ಆದರೆ ವಿಲ್ಕ್ಸನನ್ನು ಪಕ್ಷವಿಲ್ಲದ ದಾಖಲೆಯೆಂದು ಓದುವ ಚಟ ಅದಕ್ಕಿಂತ ಹಳೆಯದು. ರೈಸ್ ತನ್ನ ಗೆಜೆಟಿಯರಿನಲ್ಲಿ ಸೋಮವಾರದ ಕಹಳೆಯನ್ನೂ ಎರಡು ಸಾವಿರ ತಲೆಗಳನ್ನೂ ಎತ್ತಿಕೊಂಡ ಮೇಲೆ ಅದು ಸರ್ಕಾರಿ ಸತ್ಯವಾಯಿತು. 1930ರಲ್ಲಿ ಮರೇ ಹ್ಯಾಮಿಕ್‌ನ ಟಿಪ್ಪಣಿಗಳೊಂದಿಗೆ ಮೈಸೂರು ಸರ್ಕಾರದ ಮುದ್ರಣಾಲಯವೇ ವಿಲ್ಕ್ಸನ ಗ್ರಂಥವನ್ನು ಮತ್ತೆ ಅಚ್ಚುಹಾಕಿತು. ಅವನು ಕಟ್ಟಿಕೊಟ್ಟ ಚಿತ್ರ ಆ ಸಂಸ್ಥಾನಕ್ಕೆ ಅಷ್ಟು ಒಗ್ಗಿಹೋಗಿತ್ತು.

ಮೈಸೂರು ಬಿಟ್ಟ ಮೇಲಿನ ವಿಲ್ಕ್ಸನ ಬಾಳಿನಲ್ಲಿ ಜಗತ್ತು ನೆನೆಯುವ ಘಟ್ಟ ಒಂದೇ. 1813ರಲ್ಲಿ ಕಂಪನಿ ಅವನನ್ನು ಸೇಂಟ್ ಹೆಲೆನಾಕ್ಕೆ ಗವರ್ನರ್ ಮಾಡಿತು. 1815ರ ಅಕ್ಟೋಬರಿನಲ್ಲಿ ನೆಪೋಲಿಯನ್‌ನನ್ನು ಸೆರೆಯಾಳಾಗಿ ಅಲ್ಲಿಗೆ ತಂದರು. 1799ರ ಜನವರಿಯಲ್ಲಿ ಕೈರೋದಿಂದ ಟಿಪ್ಪುವಿಗೆ ಪತ್ರ ಬರೆದವನೂ ಟಿಪ್ಪುವಿನ ಚರಿತ್ರೆ ಬರೆಯುತ್ತಿದ್ದವನೂ ಅಟ್ಲಾಂಟಿಕ್ ನಡುವಣ ಬಂಡೆಯ ಮೇಲೆ ಎದುರುಬದುರಾಗಿ ಮಾತಾಡಿದರು. ಸಭ್ಯನಾದ ಈ ಗವರ್ನರ್ ಬಗ್ಗೆ ಸೆರೆಯಾಳಿನ ಪರಿವಾರಕ್ಕೆ ಒಳ್ಳೆಯ ಅಭಿಪ್ರಾಯವಿತ್ತು. 1816ರ ಏಪ್ರಿಲ್‌ನಲ್ಲಿ ಹಡ್ಸನ್ ಲೋ ಬಂದು ಅಧಿಕಾರ ವಹಿಸಿಕೊಂಡ. ಉಳಿದ ವರ್ಷಗಳು ಗ್ರಂಥದ ಕೊನೆಯ ಸಂಪುಟಗಳು, ರಾಯಲ್ ಏಷಿಯಾಟಿಕ್ ಸೊಸೈಟಿಯ ಉಪಾಧ್ಯಕ್ಷತೆ, ಮ್ಯಾನ್ ದ್ವೀಪದ ಕರ್ಬಿ ಎಂಬ ಎಸ್ಟೇಟು, ಅಲ್ಲಿನ ಸಭೆ, ಇಷ್ಟರಲ್ಲಿ ಕಳೆದವು. ಅವನು ಹೊಗಳಿದ ಏರ್ಪಾಡಿನಲ್ಲಿ ಬಿರುಕು ಕಂಡದ್ದು ಅವನು ಹೊರಟ ಮರುವರ್ಷವೇ. 1809ರಲ್ಲಿ ಮದರಾಸು ಸೈನ್ಯದ ಬಿಳಿಯ ಅಧಿಕಾರಿಗಳು ದಂಗೆ ಎದ್ದಾಗ ಚಿತ್ರದುರ್ಗದಲ್ಲಿದ್ದ ಎರಡು ಪಟಾಲಂಗಳು ಖಜಾನೆ ಹಿಡಿದು ಶ್ರೀರಂಗಪಟ್ಟಣಕ್ಕೆ ಹೊರಟವು, ದಾರಿಯಲ್ಲಿ ಮೈಸೂರಿನ ರಾವುತರು ಅವನ್ನು ಚದುರಿಸಿದರು. ಪೂರ್ಣಯ್ಯನವರು 1811ರಲ್ಲಿ ಅಧಿಕಾರ ಬಿಟ್ಟರು. 1830ರಲ್ಲಿ ನಗರ ಸೀಮೆಯ ರೈತರು ಕಂದಾಯದ ಹಿಂಸೆ ತಾಳದೆ ಎದ್ದರು. ಹಳೆಯ ಪಾಳೆಯಗಾರ ಮನೆತನದವರೂ ಅವರೊಡನೆ ಕೂಡಿಕೊಂಡರು. ವಿಲ್ಕ್ಸ್ 1831ರ ಸೆಪ್ಟೆಂಬರ್ 19ರಂದು ಸ್ಕಾಟ್ಲೆಂಡಿನ ಕೆಲ್ಲೋ ಎಂಬಲ್ಲಿ ತೀರಿಕೊಂಡ. ಮರುತಿಂಗಳು, ಅಕ್ಟೋಬರಿನಲ್ಲಿ, ಕಂಪನಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರಿನ ಆಡಳಿತವನ್ನು ಕಿತ್ತುಕೊಂಡಿತು. ಅದು ಅರಮನೆಗೆ ಹಿಂದಿರುಗಲು 1881ರವರೆಗೆ ಕಾಯಬೇಕಾಯಿತು.